ಆ ಗೆರೆ ಯಾವಾಗಲೂ ಹಾಗೇ ಇರುತ್ತಾ, ಮಿಸ್?

ಈ ವರ್ಷದ ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಬಸವೇಶ್ವರನಗರದ ಒಂದು ಪ್ರೌಢಶಾಲೆ. ಎಂಟನೇ ತರಗತಿ, ವಿಜ್ಞಾನ, ‘ಬಲ ಮತ್ತು ಒತ್ತಡ’ ಘಟಕ. ವಾಯುಮಂಡಲದ ಒತ್ತಡದ ಪಾಠವನ್ನೇ ನಾನು ವಿಮರ್ಶಾ ಪಾಠಕ್ಕೆ ಆರಿಸಿಕೊಂಡಿದ್ದೆ. ಹಿಂದಿನ ಬೆಂಚಿನಲ್ಲಿ ಮೆಥಡ್ ಸರ್, ಮಾರ್ಗದರ್ಶಿ ಶಿಕ್ಷಕಿ ಮತ್ತು ನನ್ನ ನಾಲ್ವರು ಸಹಪಾಠಿಗಳು ವೀಕ್ಷಣಾ ಹಾಳೆ ಹಿಡಿದು ಕೂತಿದ್ದರು. ರಬ್ಬರ್ ಸಕ್ಕರ್ ಗೋಡೆಗೆ ಅಂಟಿತು, ನೀರು ತುಂಬಿದ ಲೋಟದ ಬಾಯಿಗಿಟ್ಟ ರಟ್ಟು ಬೀಳಲಿಲ್ಲ, ಮಕ್ಕಳು ಚಪ್ಪಾಳೆ ತಟ್ಟಿದರು. ಎಲ್ಲವೂ ಪಾಠ ಯೋಜನೆಯಲ್ಲಿ ಬರೆದಂತೆಯೇ ನಡೆಯುತ್ತಿತ್ತು.

ಆ ಕೊಠಡಿಯ ಗೋಡೆಯ ಮೇಲೆ ಸಮಾಜ ವಿಜ್ಞಾನದವರು ತೂಗುಹಾಕಿದ್ದ ವಾಯುಗೋಳದ ಚಾರ್ಟ್ ಇದೆ. ಕೆಳಗಿನಿಂದ ಪರಿವರ್ತನಾ ಮಂಡಲ, ಸಮೋಷ್ಣ ಮಂಡಲ, ಮಧ್ಯಂತರ ಮಂಡಲ, ಉಷ್ಣತಾ ಮಂಡಲ. ಅವುಗಳ ನಡುವೆ ಕೆಂಪು ಬಣ್ಣದ ಒಂದು ಅಂಕುಡೊಂಕು ಗೆರೆ, ಉಷ್ಣಾಂಶದ್ದು. ಎತ್ತರ ಹೋದಂತೆ ಗಾಳಿ ವಿರಳವಾಗುತ್ತದೆ ಎಂದು ಹೇಳಲು ನಾನು ಅದೇ ಚಾರ್ಟಿನ ಕಡೆ ಕೈ ತೋರಿಸಿದೆ. ಆಗ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಮಿಸ್, ಆ ಕೆಂಪು ಗೆರೆ ಯಾವಾಗಲೂ ಹಾಗೇ ಇರುತ್ತಾ? ರಾತ್ರೀನೂ? ಬೇಸಿಗೇಲೂ?” ಎಂದು ಕೇಳಿದಳು.

ನಾನು “ಹೌದು, ಅದು ಪದರಗಳ ಗುಣ, ಬದಲಾಗಲ್ಲ” ಎಂದೆ. ಯೋಜನೆಯ ಪ್ರಕಾರ ಮೌಲ್ಯಮಾಪನದ ಹಂತಕ್ಕೆ ಇನ್ನು ಆರು ನಿಮಿಷ ಉಳಿದಿತ್ತು.

ಆ ಉತ್ತರ ತಪ್ಪು. ನಾನು ಬಿಎಸ್‌ಸಿಯಲ್ಲಿ ಭೌತಶಾಸ್ತ್ರ ಓದಿದವಳು, ಅಲೆಗಳ ಬಗ್ಗೆ ಒಂದು ಇಡೀ ಸೆಮಿಸ್ಟರ್ ಓದಿದವಳು. ಆದರೂ ಅದು ತಪ್ಪೆಂದು ಆ ಕ್ಷಣದಲ್ಲಿ ನನಗೂ ಹೊಳೆಯಲಿಲ್ಲ, ಹಿಂದೆ ಕೂತಿದ್ದವರಲ್ಲಿ ಯಾರಿಗೂ ಹೊಳೆದಂತೆ ಕಾಣಲಿಲ್ಲ. ವೀಕ್ಷಣಾ ಹಾಳೆಯಲ್ಲಿ ಬಂದ ಟಿಪ್ಪಣಿ: “ವಿದ್ಯಾರ್ಥಿಗಳ ಪ್ರಶ್ನೆಗೆ ತಡವರಿಸದೆ ಉತ್ತರಿಸಿದ್ದಾರೆ. ವಿಷಯದ ಮೇಲೆ ಹಿಡಿತವಿದೆ.” ಆ ಹಾಳೆ ಈಗಲೂ ನನ್ನ ಫೈಲಿನಲ್ಲಿದೆ. ಈ ಲೇಖನ ಬರೆಯಲು ಅದೇ ಕಾರಣ.

ಉತ್ತರ ಸರಿಯಿಲ್ಲ ಎಂಬ ಅನುಮಾನ ಬಂದದ್ದು ಅಂದು ಸಂಜೆ ಮೆಟ್ರೋದಲ್ಲಿ. ನಾನಿರುವುದು ಕೆಂಗೇರಿಯಲ್ಲಿ. ನನ್ನ ಫೋನಿನಲ್ಲಿ ಒತ್ತಡ ಅಳೆಯುವ ಸೆನ್ಸರ್ ಇದೆ. (ಕಡಿಮೆ ಬೆಲೆಯ ಬಹಳಷ್ಟು ಫೋನುಗಳಲ್ಲಿ ಇರುವುದಿಲ್ಲ, ನನ್ನದು ಅಣ್ಣ ಬಳಸಿ ಬಿಟ್ಟದ್ದು.) ಪಾಠಕ್ಕೆಂದು ಬ್ಯಾರೋಮೀಟರ್ ಆ್ಯಪ್ ಹಾಕಿಕೊಂಡಿದ್ದೆ. ವಿಜಯನಗರದಲ್ಲಿ ಹತ್ತಿ ಕೆಂಗೇರಿ ತಲುಪುವಷ್ಟರಲ್ಲಿ ಅಂಕಿ ಏರುತ್ತಾ ಹೋಯಿತು. ವೃಷಭಾವತಿ ಹರಿದು ಬರುವ ತಗ್ಗಿಗೆ ಇಳಿಯುತ್ತಿದ್ದೇವೆ, ತಲೆಯ ಮೇಲಿನ ಗಾಳಿ ಹೆಚ್ಚುತ್ತಿದೆ, ಅಷ್ಟು ಅರ್ಥವಾಯಿತು. ಆದರೆ ಮನೆಗೆ ಬಂದು ಫೋನನ್ನು ಮೇಜಿನ ಮೇಲೆ ಇಟ್ಟ ಮೇಲೂ ಅಂಕಿ ನಿಲ್ಲಲಿಲ್ಲ. ಆರು ಗಂಟೆಗೆ ಇದ್ದದ್ದಕ್ಕಿಂತ ಎಂಟಕ್ಕೆ ಹೆಚ್ಚು, ಎಂಟಕ್ಕಿಂತ ಹತ್ತಕ್ಕೆ ಹೆಚ್ಚು. ಮಳೆಯಿಲ್ಲ, ಮೋಡವಿಲ್ಲ, ಫೆಬ್ರವರಿಯ ಒಣ ಆಕಾಶ. ಮೇಜು ಅಲ್ಲೇ ಇತ್ತು. ಹಾಗಾದರೆ ಏರಿದ್ದೇನು?

ಇದಕ್ಕೆ ಉತ್ತರ ಹಳೆಯದು. ಉಷ್ಣವಲಯದಲ್ಲಿ ಬ್ಯಾರೋಮೀಟರ್ ಇಟ್ಟವರಿಗೆಲ್ಲ ಇನ್ನೂರು ವರ್ಷಗಳಿಂದ ಗೊತ್ತಿರುವ ವಿಷಯ: ಒತ್ತಡ ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಬೆಳಿಗ್ಗೆ ಹತ್ತರ ಸುಮಾರಿಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಹೆಚ್ಚು, ಬೆಳಗಿನ ಜಾವ ನಾಲ್ಕಕ್ಕೆ ಮತ್ತು ಸಂಜೆ ನಾಲ್ಕಕ್ಕೆ ಕಡಿಮೆ. ಇದನ್ನು ವಾಯುಮಂಡಲದ ಉಬ್ಬರವಿಳಿತ ಎನ್ನುತ್ತಾರೆ. ಕಾರವಾರದಲ್ಲೋ ಮಂಗಳೂರಿನಲ್ಲೋ ಸಮುದ್ರ ನೋಡಿದ ಮಗುವಿಗೆ ಉಬ್ಬರ ಎಂದರೆ ಚಂದ್ರ. ಗಾಳಿಯ ಉಬ್ಬರದಲ್ಲಿ ಚಂದ್ರನ ಪಾಲು ತೀರಾ ಕಡಿಮೆ, ನಮ್ಮ ಅಕ್ಷಾಂಶದಲ್ಲಿ ಒಂದು ಹೆಕ್ಟಾಪಾಸ್ಕಲ್‌ನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಇಲ್ಲಿ ಕೆಲಸ ಮಾಡುವುದು ಸೂರ್ಯ, ಅದೂ ತನ್ನ ಆಕರ್ಷಣೆಯಿಂದಲ್ಲ, ಬಿಸಿಲಿನಿಂದ.

ಎಂಟನೇ ತರಗತಿಯ ಗೋಡೆಯ ಮೇಲಿನ ಆ ಕೆಂಪು ಗೆರೆ ಮತ್ತು ನನ್ನ ಮೇಜಿನ ಮೇಲಿನ ಫೋನು, ಇವೆರಡರ ನಡುವಿನ ನಂಟು ಇಲ್ಲೇ ಇದೆ. ಭೂಮಿಯಿಂದ 20 ಕಿ.ಮೀ.ನಿಂದ ಆಚೆಗೆ, ಮುಖ್ಯವಾಗಿ ಸಮೋಷ್ಣ ಮಂಡಲದಲ್ಲಿ, ಓಝೋನ್ ಇದೆ. ಅದು ಸೂರ್ಯನ ನೇರಳಾತೀತ ಕಿರಣ ಹೀರಿ ಹಗಲು ಬಿಸಿಯಾಗುತ್ತದೆ, ರಾತ್ರಿ ಆ ಬಿಸಿಯ ಪೂರೈಕೆ ನಿಲ್ಲುತ್ತದೆ. ಕೆಳಗಿನ ಪದರದಲ್ಲಿ ನೀರಾವಿಯೂ ಬಿಸಿಲನ್ನು ಹೀರುತ್ತದೆ. ಬಿಸಿಯಾದ ಗಾಳಿ ಹಿಗ್ಗುತ್ತದೆ, ತಣಿದದ್ದು ಕುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ಈ ಹಿಗ್ಗು ಕುಗ್ಗು ಸೂರ್ಯನನ್ನು ಹಿಂಬಾಲಿಸುವ ಒಂದು ಅಲೆಯಾಗಿ ಇಡೀ ಭೂಮಿಯನ್ನು ಸುತ್ತುತ್ತದೆ. ಆ ಅಲೆಯ ಬುಡ ನಮ್ಮ ಫೋನಿನ ಸೆನ್ಸರನ್ನು ಮುಟ್ಟುತ್ತದೆ.

ಸೂರ್ಯ ದಿನಕ್ಕೆ ಒಂದೇ ಸಲ ಹುಟ್ಟುತ್ತಾನೆ, ಅಲೆ ಮಾತ್ರ ಎರಡು ಸಲ ಯಾಕೆ? ಈ ಪ್ರಶ್ನೆ ದೊಡ್ಡದೊಡ್ಡವರನ್ನೇ ಕಾಡಿದೆ. 1882ರಲ್ಲಿ ಲಾರ್ಡ್ ಕೆಲ್ವಿನ್, ವಾಯುಮಂಡಲದ ಸಹಜ ತೂಗಾಟದ ಅವಧಿ ಹನ್ನೆರಡು ಗಂಟೆಗೆ ಹತ್ತಿರವಿರಬಹುದು, ಆದ್ದರಿಂದ ಹನ್ನೆರಡು ಗಂಟೆಯ ಅಲೆ ಅನುರಣನೆಯಿಂದ ದೊಡ್ಡದಾಗುತ್ತದೆ ಎಂದು ಊಹಿಸಿದರು. ಚೆಂದದ ಊಹೆ. ಹಲವು ದಶಕ ಬಾಳಿತು. ಮುಂದೆ ರಾಕೆಟ್‌ಗಳು ಮೇಲಿನ ಗಾಳಿಯ ಉಷ್ಣಾಂಶವನ್ನು ನಿಜವಾಗಿ ಅಳೆದ ಮೇಲೆ ಆ ಅನುರಣನೆ ಸಾಧ್ಯವಿಲ್ಲ ಎಂದು ತಿಳಿಯಿತು. ಸರಿಯಾದ ವಿವರಣೆ ಕೂಡಿಬಂದದ್ದು 1960ರ ದಶಕದಲ್ಲಿ. ಬಿಸಿಲು ಎಬ್ಬಿಸುವುದು 24 ಗಂಟೆಯ ಅಲೆ ಮತ್ತು 12 ಗಂಟೆಯ ಅಲೆ ಎರಡನ್ನೂ. ಆದರೆ 24 ಗಂಟೆಯ ಅಲೆಯ ಲಂಬ ಅಳತೆ ಚಿಕ್ಕದು, ಓಝೋನ್ ಪದರವೋ ದಪ್ಪ. ಪದರದ ಮೇಲಿನ ಭಾಗ ಎಬ್ಬಿಸಿದ ಅಲೆ ಉಬ್ಬುವ ಹೊತ್ತಿಗೆ ಕೆಳಭಾಗ ಎಬ್ಬಿಸಿದ್ದು ತಗ್ಗುತ್ತಿರುತ್ತದೆ, ಒಂದನ್ನೊಂದು ಅಳಿಸಿಹಾಕುತ್ತವೆ. 12 ಗಂಟೆಯ ಅಲೆಯ ಲಂಬ ಅಳತೆ ನೂರು ಕಿ.ಮೀ.ಗೂ ಹೆಚ್ಚು. ಹಾಗಾಗಿ ಇಡೀ ಪದರದ ತಳ್ಳಾಟ ಒಂದೇ ಹೆಜ್ಜೆಯಲ್ಲಿ ಕೂಡಿಕೊಂಡು ನೆಲದವರೆಗೂ ಇಳಿದು ಬರುತ್ತದೆ.

ಇದನ್ನು ಓದಿ ಮುಗಿಸಿದಾಗ ರಾತ್ರಿ ಒಂದು ಗಂಟೆ. ಮರುದಿನ ತರಗತಿಗೆ ಹೋಗಿ ನಾನು ಮಾಡಿದ ಮೊದಲ ಕೆಲಸ, “ನಿನ್ನೆ ನಾನು ಹೇಳಿದ್ದು ತಪ್ಪು” ಎನ್ನುವುದು. ಹುಡುಗರು ಖುಷಿಯಿಂದ ನಕ್ಕರು. ಪ್ರಶ್ನೆ ಕೇಳಿದವಳು ಮಾತ್ರ ನಗಲಿಲ್ಲ, ಮುಂದೇನು ಹೇಳುತ್ತೇನೆ ಎಂದು ಕಾಯುತ್ತಿದ್ದಳು. ನಾನು ವಿವರಣೆ ಶುರು ಮಾಡದೆ ಫೋನನ್ನು ಸ್ಟಾಫ್ ರೂಮಿನ ಕಿಟಕಿಯ ಪಕ್ಕದ ಮೇಜಿನ ಮೇಲೆ ಇಟ್ಟು, ಒಂದು ಡ್ರಾಯಿಂಗ್ ಶೀಟ್ ಅಂಟಿಸಿ, ಎರಡು ಕಾಲಂ ಎಳೆದೆ: ಪ್ರಾರ್ಥನೆ ಮುಗಿದು ಮೊದಲ ಗಂಟೆ ಹೊಡೆದಾಗ, ಮತ್ತು ಸಂಜೆ ನಾಲ್ಕಕ್ಕೆ. ಹತ್ತು ಮತ್ತು ನಾಲ್ಕು! ನಮ್ಮ ಶಾಲೆಗಳ ವೇಳಾಪಟ್ಟಿ ಮಾಡಿದವರು ವಾಯುಮಂಡಲದ ಉಬ್ಬರವಿಳಿತ ನೋಡಿ ಮಾಡಿರಲಾರರು, ಆದರೆ ಮಾಡಿದ್ದರೂ ಇಷ್ಟು ಸರಿಯಾಗಿ ಕೂಡಿಬರುತ್ತಿರಲಿಲ್ಲ.

ಮೊದಲ ದಿನ ಬೆಳಿಗ್ಗೆ 913.1, ಸಂಜೆ 909.2. ಇಲ್ಲೇ ಒಂದು ಗಲಾಟೆ ಆಯಿತು. ವಾಯುಮಂಡಲದ ಒತ್ತಡ 1013 ಎಂದು ಟ್ಯೂಷನ್‌ನಲ್ಲಿ ಕಲಿತಿದ್ದ ಹುಡುಗ, ಫೋನು ಕೆಟ್ಟಿದೆ ಎಂದ. ಅದು ಸಮುದ್ರಮಟ್ಟದ ಅಂಕಿ, ನಾವಿರುವುದು ಸುಮಾರು 900 ಮೀಟರ್ ಮೇಲೆ, ನೂರು ಹೆಕ್ಟಾಪಾಸ್ಕಲ್‌ನಷ್ಟು ಗಾಳಿ ನಮ್ಮ ಕಾಲಕೆಳಗೇ ಉಳಿದುಬಿಟ್ಟಿದೆ ಎಂದು ಹೇಳಲು ಅರ್ಧ ಪೀರಿಯಡ್ ಹೋಯಿತು. ಹೋಗಲಿ ಅನ್ನಿಸಿತು. 15 ಸೆಂ.ಮೀ. ಉದ್ದ 15 ಸೆಂ.ಮೀ. ಅಗಲದ ಜಾಗದ ಮೇಲೆ 225 ಕೆ.ಜಿ.ಯಷ್ಟು ಗಾಳಿಯ ಭಾರ ಎಂದು ನಾವು ಪಾಠ ಮಾಡುತ್ತೇವಲ್ಲ, ಅದನ್ನು ಅವರೇ ಬಸವೇಶ್ವರನಗರಕ್ಕೆ ಲೆಕ್ಕ ಹಾಕಿ ಸುಮಾರು 210 ಎಂದು ತಂದರು. ಪುಸ್ತಕದ ಅಂಕಿಯನ್ನು ತಮ್ಮ ಊರಿಗೆ ತಿದ್ದಿಕೊಂಡ ಸಂತೋಷ ಅವರ ಮುಖದಲ್ಲಿತ್ತು.

ಶನಿವಾರ ಅರ್ಧ ದಿನವಾದ್ದರಿಂದ ಸಂಜೆಯ ಕಾಲಂ ಖಾಲಿ. ಒಂದು ದಿನ ಸ್ಟಾಫ್ ರೂಮಿನಲ್ಲಿ ಮೀಟಿಂಗ್ ಇದ್ದುದರಿಂದ ಹುಡುಗರು ಫೋನನ್ನು ಎರಡನೇ ಮಹಡಿಗೆ ಒಯ್ದು ಓದಿಬಿಟ್ಟರು. ಅಂದಿನ ಇಳಿಕೆ ಉಳಿದ ದಿನಗಳಿಗಿಂತ ಹೆಚ್ಚಾಗಿ ಕಂಡಿತು. ಯಾಕೆಂದು ಹುಡುಕಿದವರೂ ಅವರೇ. ಎಂಟೊಂಬತ್ತು ಮೀಟರ್ ಏರಿದರೆ ಒಂದು ಹೆಕ್ಟಾಪಾಸ್ಕಲ್ ಕಡಿಮೆಯಾಗುತ್ತದೆ, ಎರಡು ಮಹಡಿ ಎಂದರೆ ಹತ್ತಿರ ಹತ್ತಿರ ಅಷ್ಟೇ. ಆ ಒಂದು ಅಂಕಿಯನ್ನು ಹೊಡೆದುಹಾಕಿದೆವು. ಉಳಿದ ಹತ್ತು ದಿನ, ಹತ್ತಕ್ಕೆ ಹತ್ತೂ ದಿನ, ಬೆಳಿಗ್ಗೆಗಿಂತ ಸಂಜೆ ಕಡಿಮೆ, ಮೂರರಿಂದ ಐದು ಹೆಕ್ಟಾಪಾಸ್ಕಲ್. ರಾತ್ರಿ ಹತ್ತು ಮತ್ತು ಬೆಳಗಿನ ಜಾವ ನಾಲ್ಕರ ಅಂಕಿ ನಾನು ಕೆಂಗೇರಿಯಲ್ಲಿ ಅಲಾರಂ ಇಟ್ಟು ತೆಗೆದೆ. ಅವನ್ನು ಶಾಲೆಯ ಅಂಕಿಗಳ ಜೊತೆ ಬೆರೆಸುವಂತಿಲ್ಲ, ಊರು ತಗ್ಗಿನಲ್ಲಿದೆ. ಆದರೆ ಅವುಗಳಷ್ಟಕ್ಕೇ ನೋಡಿದರೆ ಎರಡನೇ ಉಬ್ಬರ ಸ್ಪಷ್ಟವಾಗಿ ಕಂಡಿತು.

ಎರಡು ಅಲೆಗಳ ಕಥೆಯನ್ನು ಎಂಟನೇ ತರಗತಿಗೆ ಹೇಗೆ ಹೇಳುವುದು? ಲಂಬ ಅಳತೆ, ಹೆಜ್ಜೆ ಇವನ್ನೆಲ್ಲ ಬಿಟ್ಟೆ. ಐದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಲ್ಲರೂ ಒಟ್ಟಿಗೆ ದುಪ್ಪಟ್ಟದ ಒಂದೊಂದು ಭಾಗ ಎತ್ತಿ ಇಳಿಸಲು ಹೇಳಿದೆ, ದುಪ್ಪಟ್ಟ ಪೂರ್ತಿ ಮೇಲೆ ಹೋಗಿ ಕೆಳಗೆ ಬಂತು. ಆಮೇಲೆ ಒಬ್ಬರು ಎತ್ತುವಾಗ ಪಕ್ಕದವರು ಇಳಿಸಲಿ ಎಂದೆ, ದುಪ್ಪಟ್ಟ ಇದ್ದಲ್ಲೇ ಒದ್ದಾಡಿತು. ಅಷ್ಟು ಸಾಕು ಅನ್ನಿಸಿತು. ಪೂರ್ತಿ ಅರ್ಥವಾಯಿತೆಂದು ಹೇಳುವ ಧೈರ್ಯ ನನಗಿಲ್ಲ.

ಅಲೆ ಮೇಲಕ್ಕೆ ಹೋದಾಗ ಏನಾಗುತ್ತದೆ ಎಂಬುದನ್ನು ತೋರಿಸುವುದು ಇದಕ್ಕಿಂತ ಸುಲಭ, ಮತ್ತು ಹುಡುಗಿಯ ಪ್ರಶ್ನೆಗೆ ನಿಜವಾದ ಉತ್ತರವಿರುವುದು ಅಲ್ಲೇ. ದಪ್ಪ ಹಗ್ಗಕ್ಕೆ ತೆಳು ಹುರಿ, ಹುರಿಗೆ ನೂಲು ಗಂಟು ಹಾಕಿ ಒಂದು ತುದಿಯನ್ನು ಕೊಡವಿದರೆ, ದಪ್ಪ ಹಗ್ಗದಲ್ಲಿ ಕಂಡೂ ಕಾಣದ ಅಲೆ ನೂಲಿಗೆ ಬಂದಾಗ ಚಾಟಿಯಂತೆ ಬೀಸುತ್ತದೆ. ಗಾಳಿಯಲ್ಲೂ ಹಾಗೆಯೇ. ಬೆಟ್ಟ ದಾಟುವ ಗಾಳಿ, ಗುಡುಗು ಮಳೆಯ ಮೋಡ, ಇವು ಎಬ್ಬಿಸಿದ ಅಲೆ ಮೇಲೇರಿದಂತೆ ಗಾಳಿ ವಿರಳವಾಗುತ್ತದೆ, ಅದೇ ಶಕ್ತಿ ಕಡಿಮೆ ಗಾಳಿಯನ್ನು ಅಲ್ಲಾಡಿಸಬೇಕು, ಆದ್ದರಿಂದ ಅಲ್ಲಾಟ ದೊಡ್ಡದಾಗುತ್ತದೆ. ಅಂದಾಜಿಗೆ ಪ್ರತಿ ಹತ್ತು ಕಿ.ಮೀ.ಗೆ ಎರಡರಷ್ಟು. 90 ಕಿ.ಮೀ. ತಲುಪುವಷ್ಟರಲ್ಲಿ, ದಾರಿಯಲ್ಲಿ ಶಕ್ತಿ ಸೋರದಿದ್ದರೆ, ಐನೂರು ಪಟ್ಟು. ಅಷ್ಟು ಎತ್ತರ ಏರಿದ ಅಲೆ ದಡಕ್ಕೆ ಬಂದ ತೆರೆಯಂತೆ ಒಡೆಯುತ್ತದೆ. ಒಡೆದಾಗ ಅಲ್ಲಿನ ಗಾಳಿಯನ್ನು ತಳ್ಳುತ್ತದೆ, ಕಲಕುತ್ತದೆ, ಕೆಲವೆಡೆ ಬಿಸಿ ಮಾಡುತ್ತದೆ.

ಈ ಅಲೆಗಳಿಗೆ ನಮ್ಮಲ್ಲಿ ‘ಗುರುತ್ವ ಅಲೆ’ ಎಂದು ಬರೆಯುವುದುಂಟು. ಕಪ್ಪುಕುಳಿಗಳು ಡಿಕ್ಕಿ ಹೊಡೆದಾಗ ಬರುವ ಗುರುತ್ವ ಅಲೆಗಳಿಗೂ ಇದಕ್ಕೂ ಸಂಬಂಧವೇ ಇಲ್ಲ. ನನ್ನ ಸಹಪಾಠಿಯೊಬ್ಬರು ಸೆಮಿನಾರಿನಲ್ಲಿ ಎರಡನ್ನೂ ಬೆರೆಸಿ ಮಾತಾಡಿದ್ದನ್ನು ಕೇಳಿದ್ದೇನೆ. ನಾನಂತೂ ತರಗತಿಯಲ್ಲಿ ‘ತೇಲು ಅಲೆ’ ಎಂದೆ. ಮೇಲೆತ್ತಿದ ಗಾಳಿ ಸುತ್ತಲಿನದಕ್ಕಿಂತ ಭಾರವಾಗಿ ಮುಳುಗುತ್ತದೆ, ಮುಳುಗಿದ್ದು ಹಗುರಾಗಿ ಮತ್ತೆ ತೇಲುತ್ತದೆ. ಬಾಟಲಿಯಲ್ಲಿ ಬಣ್ಣದ ನೀರು ಮತ್ತು ಕೊಬ್ಬರಿ ಎಣ್ಣೆ ಹಾಕಿ ವಾಲಿಸಿದರೆ ಕಾಣುವುದು ಇದೇ.

ಇವನ್ನು ಅಳೆಯುವ ದೊಡ್ಡ ಜಾಗವೊಂದು ನಮಗೆ ಬಹಳ ಹತ್ತಿರದಲ್ಲಿದೆ. ರಾಜಾಜಿನಗರ, ವಿಜಯನಗರದ ಅರ್ಧದಷ್ಟು ಮನೆಗಳವರು ವರ್ಷಕ್ಕೊಮ್ಮೆ ತಿರುಪತಿಗೆ ಹೋಗುತ್ತಾರೆ. ಚಿತ್ತೂರು ದಾಟಿ ತಿರುಪತಿಯ ಕಡೆ ಹೋಗುವಾಗ ಗಾದಂಕಿ ಎಂಬ ಊರು ಬರುತ್ತದೆ. ಅಲ್ಲಿ ಬಾಹ್ಯಾಕಾಶ ಇಲಾಖೆಗೆ ಸೇರಿದ ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಪ್ರಯೋಗಾಲಯವಿದೆ. ಒಂದು ಮೈದಾನದಷ್ಟು ಜಾಗದಲ್ಲಿ ಹಳೆಯ ಟಿವಿ ಆಂಟೆನಾದಂಥ 1024 ಆಂಟೆನಾಗಳು ಆಕಾಶ ನೋಡುತ್ತಾ ನಿಂತಿವೆ. 53 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಈ ಎಂಎಸ್‌ಟಿ ರೇಡಾರ್ 1990ರ ದಶಕದ ಆರಂಭದಿಂದ ಮೇಲಿನ ಗಾಳಿಯ ಚಲನೆಯನ್ನು ಅಳೆಯುತ್ತಿದೆ. 1998ರಲ್ಲಿ ಜಪಾನಿನ ಸಹಕಾರದಿಂದ ಅಲ್ಲಿ ಲೈಡಾರ್ ಕೂಡ ಬಂತು. ರಾತ್ರಿ ಲೇಸರ್ ಬೆಳಕನ್ನು ಮೇಲಕ್ಕೆ ಬಿಟ್ಟು, ಚದುರಿ ವಾಪಸು ಬಂದ ಬೆಳಕಿನಿಂದ ಸುಮಾರು 30ರಿಂದ 80 ಕಿ.ಮೀ.ವರೆಗಿನ ಉಷ್ಣಾಂಶ ಲೆಕ್ಕ ಹಾಕುತ್ತಾರೆ. ಗಾದಂಕಿಯ ಅಕ್ಷಾಂಶ ಬೆಂಗಳೂರಿಗಿಂತ ಅರ್ಧ ಡಿಗ್ರಿಯಷ್ಟು ಉತ್ತರಕ್ಕೆ, ಅಷ್ಟೇ. ಅಂದರೆ ಅಲ್ಲಿ ಕಂಡದ್ದು ಹೆಚ್ಚುಕಡಿಮೆ ನಮ್ಮ ತಲೆಯ ಮೇಲಿನದೇ ಕಥೆ.

ಆ ಕಥೆ ಏನು? ಚಾರ್ಟಿನ ಗೆರೆ 50 ಕಿ.ಮೀ.ನಿಂದ ಮೇಲೆ ಒಂದೇ ಸಮನೆ ಎಡಕ್ಕೆ, ಅಂದರೆ ತಂಪಿನ ಕಡೆಗೆ ಇಳಿಯುತ್ತದೆ. ಗಾದಂಕಿಯ ಲೈಡಾರ್‌ನಲ್ಲಿ ಕೆಲವು ರಾತ್ರಿ 70–80 ಕಿ.ಮೀ.ಗಳ ನಡುವೆ ಆ ಗೆರೆ ಹಿಂದಿರುಗಿ ಹತ್ತಾರು ಡಿಗ್ರಿಯಷ್ಟು ಬಿಸಿಯ ಕಡೆಗೆ ಉಬ್ಬುತ್ತದೆ. ಮರುರಾತ್ರಿ ಉಬ್ಬು ಬೇರೆ ಎತ್ತರದಲ್ಲಿರಬಹುದು, ಇಲ್ಲದೆಯೂ ಇರಬಹುದು. ಅಲೆಗಳು ಒಡೆಯುವುದು ಮತ್ತು ಉಬ್ಬರವಿಳಿತದ ಅಲೆಗಳು ಅವುಗಳೊಂದಿಗೆ ಸೇರುವುದು ಇದಕ್ಕೆ ಕಾರಣ ಎನ್ನುತ್ತಾರೆ. “ರಾತ್ರೀನೂ ಹಾಗೇ ಇರುತ್ತಾ?” ಎಂಬ ಪ್ರಶ್ನೆಗೆ ಉತ್ತರ, “ಇಲ್ಲಮ್ಮ, ರಾತ್ರಿಯಿಂದ ರಾತ್ರಿಗೆ ಬದಲಾಗುತ್ತೆ.”

“ಬೇಸಿಗೇಲೂ?” ಎಂಬುದಕ್ಕೆ ಇನ್ನೂ ಸೋಜಿಗದ ಉತ್ತರವಿದೆ. ಧ್ರುವ ಪ್ರದೇಶದ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಆದರೂ ಅದೇ ಬೇಸಿಗೆಯಲ್ಲಿ, ಅದೇ ಜಾಗದ ಮೇಲೆ 85–90 ಕಿ.ಮೀ. ಎತ್ತರದಲ್ಲಿ ಉಷ್ಣಾಂಶ ಮೈನಸ್ 130 ಡಿಗ್ರಿಗೆ ಇಳಿಯುತ್ತದೆ, ಚಳಿಗಾಲದಲ್ಲಿ ಇರುವುದಕ್ಕಿಂತ ಬಹಳ ಕಡಿಮೆ. ಒಡೆಯುವ ಅಲೆಗಳ ತಳ್ಳಾಟದಿಂದ ಅಲ್ಲಿನ ಗಾಳಿ ಬೇಸಿಗೆಯ ಧ್ರುವದಿಂದ ಚಳಿಗಾಲದ ಧ್ರುವದ ಕಡೆಗೆ ಹರಿಯುತ್ತದೆ. ತೆರವಾದ ಜಾಗ ತುಂಬಲು ಕೆಳಗಿನ ಗಾಳಿ ಮೇಲೇಳಬೇಕು, ಏಳುವಾಗ ಹಿಗ್ಗಿ ತಣಿಯುತ್ತದೆ. ಸೈಕಲ್ ಟ್ಯೂಬಿನ ವಾಲ್ವ್ ಬಿಟ್ಟಾಗ ತಣ್ಣಗೆ ಬರುವ ಗಾಳಿಯ ಲೆಕ್ಕವೇ. ಬಿಸಿಲೊಂದೇ ಬಿಸಿ ತಂಪನ್ನು ನಿರ್ಧರಿಸುವುದಾದರೆ ಹೀಗಾಗುತ್ತಿರಲಿಲ್ಲ. ಮೇಲಿನ ವಾಯುಮಂಡಲದ ಉಷ್ಣಾಂಶ ಬಹುಪಾಲು ಅಲೆಗಳ ಕೆಲಸ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಸಮಭಾಜಕದ ಮೇಲೆ ಸಮೋಷ್ಣ ಮಂಡಲದ ಗಾಳಿ ಸುಮಾರು 28 ತಿಂಗಳಿಗೊಮ್ಮೆ ಪೂರ್ವ ಪಶ್ಚಿಮವಾಗಿ ದಿಕ್ಕು ಬದಲಿಸುವ ಸುತ್ತು ಮುಗಿಸುತ್ತದೆ, ಜೊತೆಗೆ ಉಷ್ಣಾಂಶವೂ ಕೆಲವು ಡಿಗ್ರಿ ಏರಿಳಿಯುತ್ತದೆ. ಅದನ್ನು ನಡೆಸುವುದೂ ಅಲೆಗಳೇ. 2016ರಲ್ಲಿ ಆ ತಾಳ ಒಮ್ಮೆ ತಪ್ಪಿದ್ದು ಸುದ್ದಿಯಾಗಿತ್ತು. ಅದರ ವಿವರಕ್ಕೆ ನಾನು ತರಗತಿಯಲ್ಲಿ ಹೋಗಲಿಲ್ಲ.

ಟೋಂಗಾ ಜ್ವಾಲಾಮುಖಿಯನ್ನು ಮಾತ್ರ ಹೇಳಿದೆ, ಯಾಕೆಂದರೆ ಅದು ಆ ಮಕ್ಕಳಿಗೆ ನೆನಪಿರುವ ಕಾಲದ್ದು. 2022ರ ಜನವರಿ 15, ಶನಿವಾರ. ನಮ್ಮಲ್ಲಿ ಸಂಕ್ರಾಂತಿಯ ವಾರ, ಕೊರೊನಾ ಮೂರನೇ ಅಲೆಯ ವಾರಾಂತ್ಯ ಕರ್ಫ್ಯೂ. ಪೆಸಿಫಿಕ್ ಸಾಗರದಲ್ಲಿ ಹುಂಗಾ ಟೋಂಗಾ ಸಿಡಿದಾಗ ನಮ್ಮ ಸಮಯ ಬೆಳಿಗ್ಗೆ ಹತ್ತರ ಹತ್ತಿರ. ಅದರ ಒತ್ತಡದ ಅಲೆ ಸೆಕೆಂಡಿಗೆ ಮುನ್ನೂರು ಮೀಟರ್‌ಗೂ ಮಿಕ್ಕ ವೇಗದಲ್ಲಿ ಹೊರಟು ರಾತ್ರಿ ಎಂಟರ ಸುಮಾರಿಗೆ ದಕ್ಷಿಣ ಭಾರತವನ್ನು ದಾಟಿತು. ಭೂಮಿಯನ್ನು ಒಂದಕ್ಕಿಂತ ಹೆಚ್ಚು ಸಲ ಸುತ್ತಿತು. ಸಿಡಿತದ ಕಂಬ 57 ಕಿ.ಮೀ.ವರೆಗೆ, ಅಂದರೆ ಚಾರ್ಟಿನ ಮಧ್ಯಂತರ ಮಂಡಲದೊಳಕ್ಕೇ ಹೊಕ್ಕಿತ್ತು. ಅಂದು ನಾವೆಲ್ಲ ಮನೆಯೊಳಗೆ ಎಳ್ಳುಬೆಲ್ಲ ತಿನ್ನುತ್ತಾ ಕೂತಿದ್ದೆವು, ತಲೆಯ ಮೇಲೆ ಅದು ಹಾದುಹೋದದ್ದು ನಮಗೆ ತಿಳಿಯಲಿಲ್ಲ. “ಆಗ ನಿಮ್ಮ ಫೋನು ಇದ್ದಿದ್ದರೆ ಕಾಣಿಸ್ತಿತ್ತಾ ಮಿಸ್?” ಎಂದು ಕೇಳಿದರು. ಕಾಣಿಸುತ್ತಿತ್ತು, ಒಂದೆರಡು ಹೆಕ್ಟಾಪಾಸ್ಕಲ್‌ನ ಒಂದು ಸಣ್ಣ ಏರು.

ಇಲ್ಲಿಯವರೆಗೆ ಓದಿದವರು ‘ಮಕ್ಕಳು ಖುಷಿಪಟ್ಟರು, ಪಾಠ ಯಶಸ್ವಿಯಾಯಿತು’ ಎಂದು ನಾನು ಮುಗಿಸುತ್ತೇನೆ ಎಂದುಕೊಳ್ಳಬಹುದು. ಅಷ್ಟು ಸರಳವಾಗಿರಲಿಲ್ಲ. ಎರಡನೇ ವಾರ ಮತ್ತೊಂದು ವೀಕ್ಷಣೆ ಇತ್ತು. ಅಂದು ಒಬ್ಬ ಹುಡುಗ, “ಮಳೆ ಬರೋ ದಿನಾನೂ ಹೀಗೇ ಹತ್ತಕ್ಕೆ ಹೆಚ್ಚು, ನಾಲ್ಕಕ್ಕೆ ಕಡಿಮೆ ಇರುತ್ತಾ?” ಎಂದ. ನಾನು, “ಗೊತ್ತಿಲ್ಲ, ಮಳೆ ಬಂದ ದಿನ ಅಳೆದು ನೋಡೋಣ” ಎಂದೆ. ವೀಕ್ಷಣಾ ಹಾಳೆಯಲ್ಲಿ ಬಂದದ್ದು: “ಪೂರ್ವತಯಾರಿ ಸಾಲದು.” ಹತ್ತಕ್ಕೆ ಎರಡು ಅಂಕ ಕಡಿಮೆ. ತಪ್ಪು ಹೇಳಿದ ದಿನ ನನಗೆ ವಿಷಯದ ಮೇಲೆ ಹಿಡಿತವಿತ್ತು, ಗೊತ್ತಿಲ್ಲ ಎಂದ ದಿನ ತಯಾರಿ ಸಾಲದಾಯಿತು.

ಅಂಕಕ್ಕಾಗಿ ಅಳುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ಪೂರ್ವತಯಾರಿ ಇಲ್ಲದೆ ಬಂದು ಪ್ರತಿ ಪ್ರಶ್ನೆಗೂ ‘ನಾಳೆ ನೋಡೋಣ’ ಎನ್ನುವ ಪ್ರಶಿಕ್ಷಣಾರ್ಥಿಗಳು ಇರುತ್ತಾರೆ, ಅವರನ್ನು ತಡೆಯಲು ಅಂಥ ಟಿಪ್ಪಣಿ ಬೇಕು ಎಂಬ ವಾದವನ್ನು ಒಪ್ಪುತ್ತೇನೆ. ಆದರೆ ಎರಡಕ್ಕೂ ವ್ಯತ್ಯಾಸ ಗುರುತಿಸುವ ಜಾಗ ನಮ್ಮ ಹಾಳೆಯಲ್ಲಿಲ್ಲ. ‘ಗೊತ್ತಿಲ್ಲ’ ಎಂದ ಮೇಲೆ ತಿಳಿಯುವ ದಾರಿ ತೋರಿಸಿದರೇ, ಮರುದಿನ ಆ ಪ್ರಶ್ನೆಗೆ ಮರಳಿದರೇ ಎಂದು ಒಂದು ಸಾಲು ಸೇರಿಸಿದರೂ ಸಾಕು. ಒಂದೇ ಪೀರಿಯಡ್ ನೋಡಿ ಎದ್ದುಹೋಗುವ ವೀಕ್ಷಕರಿಗೆ ಅದನ್ನು ತುಂಬಲಾಗದು, ನಿಜ. ಹಾಗಾದರೆ ಅದೇ ತರಗತಿಯನ್ನು ಎರಡು ಸಲ ನೋಡುವ ಪದ್ಧತಿ ಬರಲಿ. ನಲವತ್ತು ನಿಮಿಷದಲ್ಲಿ ಹುಟ್ಟಿ ಸಾಯುವ ಪಾಠಗಳನ್ನಷ್ಟೇ ಅಳೆದರೆ ನಾವು ಅಂಥ ಪಾಠಗಳನ್ನಷ್ಟೇ ಮಾಡುತ್ತೇವೆ. ಬ್ಯಾರೋಮೀಟರ್ ಹತ್ತು ದಿನ ಕೇಳುತ್ತದೆ.

ಮಾರ್ಗದರ್ಶಿ ಶಿಕ್ಷಕಿಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. “ಮೇಡಂ, ನೀವು ಆರು ವಾರ ಇದ್ದು ಹೋಗ್ತೀರಿ. ಉಳಿದ ಸಿಲಬಸ್ ನಾನು ಮುಗಿಸಬೇಕು. ಪರೀಕ್ಷೆಯಲ್ಲಿ ಕೇಳೋದು ಪದರಗಳ ಹೆಸರು” ಎಂದರು. ಅವರು ಇಪ್ಪತ್ತು ವರ್ಷ ಪಾಠ ಮಾಡಿದವರು, ನಾನು ಎದುರಾಡಲಿಲ್ಲ. ಅದೇ ವಾರ ಮೂರನೇ ಬೆಂಚಿನ ಹುಡುಗಿಯೂ ಬಂದು ಕೇಳಿದಳು: “ಪರೀಕ್ಷೇಲಿ ಯಾವುದು ಬರೀಲಿ ಮಿಸ್, ಪುಸ್ತಕದ್ದಾ, ನೀವು ಹೇಳಿದ್ದಾ?” ನಾನು “ಪುಸ್ತಕದ್ದು ಬರಿ” ಎಂದೆ. ಬೇರೆ ಏನು ಹೇಳಲಿ? ಅವಳ ಅಂಕದ ಜೊತೆ ಆಟವಾಡುವ ಹಕ್ಕು ಆರು ವಾರದ ಟೀಚರಿಗಿಲ್ಲ. ಆದರೆ ಹಾಗೆ ಹೇಳಿದಾಗ ಅವಳು ತಲೆಯಾಡಿಸಿದ ರೀತಿ ನನಗೆ ಹಿಡಿಸಲಿಲ್ಲ. ಪ್ರಶ್ನೆ ಕೇಳಿದ್ದರಿಂದ ಕೆಲಸ ಹೆಚ್ಚಾಯಿತಷ್ಟೇ ಎಂದು ಅವಳಿಗೆ ಅನ್ನಿಸಿರಬಹುದು.

ಆಮೇಲೆ ಯೋಚಿಸಿದಾಗ, ಪುಸ್ತಕದ್ದು ಮತ್ತು ನಾನು ಹೇಳಿದ್ದು ಎಂಬ ಜಗಳವೇ ಬೇಕಿಲ್ಲ ಅನ್ನಿಸಿತು. ಚಾರ್ಟಿನ ಕೆಂಪು ಗೆರೆ ಸುಳ್ಳಲ್ಲ, ಅದು ಸರಾಸರಿ. ಪ್ರತಿ 165 ಮೀಟರಿಗೆ ಒಂದು ಡಿಗ್ರಿ ಇಳಿಯುತ್ತದೆ ಎಂಬುದೂ ಸರಾಸರಿ. ಆ ಒಂದು ಪದವನ್ನು ಗೆರೆಯ ಪಕ್ಕ ಸ್ಕೆಚ್ ಪೆನ್ನಿನಲ್ಲಿ ಬರೆದರೆ ಪರೀಕ್ಷೆಯ ಉತ್ತರವೂ ಕೆಡುವುದಿಲ್ಲ, ಮಗುವಿನ ಪ್ರಶ್ನೆಗೂ ಜಾಗ ಉಳಿಯುತ್ತದೆ. ಸಮಾಜ ವಿಜ್ಞಾನದ ಶಿಕ್ಷಕರನ್ನು ಕೇಳಿ ನಾನೇ ಬರೆದೆ. ಅವರು, “ನಮ್ಮ ಚಾರ್ಟಿಗೆ ವಿಜ್ಞಾನದವರು ಕೈ ಹಾಕಿದ್ದು ಇದೇ ಮೊದಲು” ಎಂದು ನಕ್ಕರು. ತಮಾಷೆಗೆ ಹೇಳಿದರೂ ಅದು ನಿಜ. ಅದೇ ಗಾಳಿಯನ್ನು ನಾವು ಎರಡನೇ ಪೀರಿಯಡ್‌ನಲ್ಲಿ ಒತ್ತಡ ಎಂದೂ ಐದನೇ ಪೀರಿಯಡ್‌ನಲ್ಲಿ ಪದರ ಎಂದೂ ಕಲಿಸುತ್ತೇವೆ, ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತರೂ ಅದರ ಬಗ್ಗೆ ಮಾತಾಡುವುದಿಲ್ಲ. ಬಿಎಡ್‌ನಲ್ಲೂ ನಮ್ಮ ಮೆಥಡ್ ತರಗತಿಗಳು ಬೇರೆ ಬೇರೆ ಕೊಠಡಿಯಲ್ಲಿ. ಒಂದು ಘಟಕವನ್ನಾದರೂ ಇಬ್ಬರು ಪ್ರಶಿಕ್ಷಣಾರ್ಥಿಗಳು, ಒಬ್ಬರು ವಿಜ್ಞಾನ ಒಬ್ಬರು ಸಮಾಜ ವಿಜ್ಞಾನ, ಕೂಡಿ ಯೋಜಿಸಿ ಕೂಡಿ ಬೋಧಿಸಲು ಅವಕಾಶವಿದ್ದರೆ ವಾಯುಗೋಳ ಅದಕ್ಕೆ ಹೇಳಿ ಮಾಡಿಸಿದ ವಿಷಯ.

‘ಸಮೋಷ್ಣ ಮಂಡಲ’ ಎಂಬ ಹೆಸರಿನ ಬಗ್ಗೆಯೂ ಒಂದು ಮಾತು. ಸಮ ಮತ್ತು ಉಷ್ಣ, ಅಂದರೆ ಒಂದೇ ಉಷ್ಣಾಂಶವಿರುವ ಜಾಗ. ಆದರೆ ನಮ್ಮ ಮೇಲೆ ಆ ಪದರದ ತಳ ಸುಮಾರು 17 ಕಿ.ಮೀ.ನಲ್ಲಿ ಮೈನಸ್ 80 ಡಿಗ್ರಿ, ತುದಿ 50 ಕಿ.ಮೀ.ನಲ್ಲಿ ಸೊನ್ನೆಯ ಹತ್ತಿರ. ಇಷ್ಟು ವ್ಯತ್ಯಾಸವಿರುವುದಕ್ಕೆ ಸಮೋಷ್ಣ ಎಂಬ ಹೆಸರು ಯಾಕೆ? ನನ್ನ ಊಹೆ ಇದು: ಫ್ರಾನ್ಸಿನ ಟೆಸೆರಾಂಕ್ ದ ಬೋರ್ ಎಂಬ ವಿಜ್ಞಾನಿ ಇನ್ನೂರಕ್ಕೂ ಹೆಚ್ಚು ಬಲೂನುಗಳನ್ನು ಹಾರಿಸಿ, ಸುಮಾರು 11 ಕಿ.ಮೀ. ಮೇಲೆ ಉಷ್ಣಾಂಶ ಇಳಿಯುವುದು ನಿಲ್ಲುತ್ತದೆ ಎಂದು 1902ರಲ್ಲಿ ಪ್ರಕಟಿಸಿದರು. ಬಿಸಿಲಿಗೆ ಉಪಕರಣ ಕಾದು ತಪ್ಪು ತೋರಿಸುತ್ತಿದೆಯೇನೋ ಎಂಬ ಅನುಮಾನದಿಂದ ರಾತ್ರಿಯೂ ಬಲೂನು ಬಿಟ್ಟು ನೋಡಿದ ಮನುಷ್ಯ. ಅವರ ಬಲೂನು ತಲುಪಿದ ಎತ್ತರದವರೆಗೆ ಅದು ನಿಜಕ್ಕೂ ಸಮ ಉಷ್ಣದ ಪದರವೇ ಆಗಿತ್ತು, ಹಾಗೆಂದೇ ಮೊದಲು ಕರೆದರು. ಮೇಲೆ ಮತ್ತೆ ಬಿಸಿ ಇದೆ ಎಂಬುದು ತಿಳಿದದ್ದು ಆಮೇಲೆ. ಇಂಗ್ಲಿಷಿನಲ್ಲಿ ಹೆಸರು ಬದಲಾಯಿತು, ಕನ್ನಡದಲ್ಲಿ ಆ ಮೊದಲ ಬಲೂನುಗಳ ನೆನಪು ಉಳಿದುಕೊಂಡಿದೆ. ಹೆಸರು ಬದಲಿಸಿ ಎಂದು ನಾನು ಹೇಳುತ್ತಿಲ್ಲ. ಆದರೆ “ಹೆಸರಿಗೂ ಗೆರೆಗೂ ಯಾಕೆ ತಾಳೆಯಾಗಲ್ಲ?” ಎಂದು ಮಕ್ಕಳನ್ನು ಕೇಳಿದರೆ ಒಳ್ಳೆಯ ಹತ್ತು ನಿಮಿಷ ಸಿಗುತ್ತದೆ. ಕನ್ನಡ ಮಾಧ್ಯಮದ ತರಗತಿಗೆ ಮಾತ್ರ ಸಿಗುವ ಹತ್ತು ನಿಮಿಷ ಅದು.

ಇಂಟರ್ನ್‌ಶಿಪ್ ಮುಗಿದು ಮೂರು ವಾರವಾಯಿತು. ಕಳೆದ ಬುಧವಾರ ಮಾರ್ಗದರ್ಶಿ ಶಿಕ್ಷಕಿ ಒಂದು ಫೋಟೋ ಕಳಿಸಿದ್ದರು. ಡ್ರಾಯಿಂಗ್ ಶೀಟಿನ ಕೆಳಗೆ ಇನ್ನೊಂದು ಶೀಟ್ ಅಂಟಿಸಿದ್ದಾರೆ, ಯಾರದೋ ಫೋನಿನಲ್ಲಿ ಸೆನ್ಸರ್ ಇರುವುದು ಗೊತ್ತಾಗಿದೆ. ಮಂಗಳವಾರ ಸಂಜೆ ನಗರದಲ್ಲಿ ಮೊದಲ ಮಳೆ ಬಂತಲ್ಲ, ಆ ದಿನದ ನಾಲ್ಕು ಗಂಟೆಯ ಅಂಕಿಯ ಸುತ್ತ ಕೆಂಪು ಶಾಯಿಯಲ್ಲಿ ಗುಂಡು ಹಾಕಿದ್ದಾರೆ. ಅಂಕಿ ಫೋಟೋದಲ್ಲಿ ಮಸುಕಾಗಿದೆ, ಓದಲಾಗುತ್ತಿಲ್ಲ. ಮುಂದಿನ ಬ್ಯಾಚಿನಲ್ಲಿ ಆ ಶಾಲೆ ಸಿಗುವವರು ಹೋಗಿ ನೋಡಿ. ಸ್ಟಾಫ್ ರೂಮಿನ ಕಿಟಕಿಯ ಪಕ್ಕದ ಮೇಜು, ಎರಡನೇ ಮಹಡಿ ಬೇಡ. ಬೇರೆ ಫೋನಿನಲ್ಲಿ ಓದುವುದಾದರೆ ಎರಡನ್ನೂ ಒಂದು ದಿನ ಪಕ್ಕಪಕ್ಕ ಇಟ್ಟು ವ್ಯತ್ಯಾಸ ಬರೆದುಕೊಳ್ಳಿ.